ಸ್ಟೇಷನ್ನಿಗೂ ಊರಿಗೂ ಮೂರು ಮೈಲಿ

ಹೋದ ದೀಪಾವಳಿಗೆ ಮನೆಗೆ ಬಣ್ಣ ಹೊಡೆಸೋಣ ಅಂತ ಅಟ್ಟ ಖಾಲಿ ಮಾಡಿದೆವು. ಒಡೆದ ಕೊಳಗ, ಹ್ಯಾಂಡಲ್ ಇಲ್ಲದ ಕುಕ್ಕರು, ಯಾರದ್ದೋ ಮದುವೆಯ ವಿಡಿಯೋ ಕ್ಯಾಸೆಟ್ಟು, ಇವೆಲ್ಲದರ ಹಿಂದೆ ಗೋಡೆಗೆ ಒರಗಿಕೊಂಡು ಅಜ್ಜನ ಟ್ರಂಕು ಕೂತಿತ್ತು. ಅದು ನಮ್ಮ ಮನೆಗೆ ಹೊಸದೇನಲ್ಲ. ಅಮ್ಮ ಮೂವತ್ತು ವರ್ಷ ಅದರಲ್ಲಿ ರಾಗಿ ತುಂಬಿಟ್ಟಿದ್ದಾಳೆ. ಇಲಿ ನುಗ್ಗದ ಪೆಟ್ಟಿಗೆ ಅಂತ ಅದಕ್ಕೊಂದು ಮರ್ಯಾದೆ ಬೇರೆ ಇತ್ತು. ಒಂದು ಮೂಲೆ ಮಾತ್ರ ಜಜ್ಜಿಹೋಗಿದೆ. ಹಾಗಾಗಿ ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಮೇಲೆ ಒಂದು ಒರಳುಗುಂಡು ಇಡಬೇಕು.

ಪೇಂಟರ್ ಹುಡುಗ ಕೈ ಒರೆಸಿಕೊಳ್ಳುತ್ತಿದ್ದ ಸೀಮೆಎಣ್ಣೆ ಬಟ್ಟೆಯಲ್ಲೇ ಸುಮ್ನೆ ಮುಚ್ಚಳ ಉಜ್ಜಿದೆ. ಮಸಿ, ಜಿಡ್ಡು ಬಿಟ್ಟಹಾಗೆ ಬಿಳಿ ಬಣ್ಣದ ಇಂಗ್ಲಿಷ್ ಅಕ್ಷರ ಮೇಲೆ ಬಂತು. ಮೊದಲ ಸಾಲಲ್ಲಿ ಅಜ್ಜನ ಹೆಸರು. ಕೆಳಗೆ 'ಫ್ರೆಂಚ್ ರಾಕ್ಸ್ ಆರ್.ಎಸ್.' ಅದರ ಕೆಳಗೆ ಸಣ್ಣದಾಗಿ 'ಎಂ.ಎಸ್.ಆರ್.' ಬರೆದವನ ಕೈ ಚೆನ್ನಾಗಿತ್ತು. ರಾಕ್ಸ್‌ನ ಕೊನೆಯ ಅಕ್ಷರಕ್ಕೊಂದು ಬಾಲ ಬಿಟ್ಟಿದ್ದ.

ಮಗಳು ಬಗ್ಗಿ ಓದಿದಳು. "ಅಪ್ಪ, ಮುತ್ತಜ್ಜ ಫ್ರಾನ್ಸ್‌ಗೆ ಹೋಗಿದ್ರಾ?"

"ಇಲ್ಲ ಪುಟ್ಟಿ, ಪಾಂಡವಪುರಕ್ಕೆ."

ಅವಳಿಗೆ ನಿರಾಸೆಯಾಯಿತು. ನನಗೂ ಚಿಕ್ಕವನಾಗಿದ್ದಾಗ ಇದೇ ಹೆಸರಿನಿಂದ ಬೇರೊಂದು ನಿರಾಸೆಯಾಗಿತ್ತು. ಅಜ್ಜಿ ಅದನ್ನು 'ಪ್ರಂಚ್ರಾಕ್ಸು' ಅನ್ನುತ್ತಿದ್ದಳು, ಒಂದೇ ಉಸಿರಿಗೆ. ನನ್ನ ಕಿವಿಗೆ ಅದು ಪಂಚರಾಕ್ಷಸರು ಅಂತ ಬೀಳುತ್ತಿತ್ತು. ಕುಂತಿಬೆಟ್ಟ ಅಲ್ಲೇ ಪಕ್ಕದಲ್ಲಿದೆ, ಭೀಮ ಬಕಾಸುರನನ್ನು ಕೊಂದದ್ದು ಅಲ್ಲೇ ಅಂತ ಊರವರ ಕಥೆ. ಅಂದಮೇಲೆ ಬಕಾಸುರನ ಜೊತೆ ಇನ್ನೂ ನಾಲ್ಕು ಜನ ಇದ್ದಿರಬೇಕು ಅಂತ ನನ್ನ ಲೆಕ್ಕ. ಫ್ರೆಂಚರು ಅಂತ ಗೊತ್ತಾದಾಗ ರುಚಿಯೇ ಹೋಯಿತು.

ಪಾಂಡವಪುರದ ಹಳೇ ಹೆಸರು ಹಿರೋಡೆ. ಹೈದರಾಲಿ, ಟಿಪ್ಪು ಕಾಲದಲ್ಲಿ ಅವರ ಸೈನ್ಯದಲ್ಲಿ ಫ್ರೆಂಚರದ್ದೇ ಒಂದು ತುಕಡಿ ಇತ್ತು. ಲಾಲಿ ಅನ್ನುವವನ ಹೆಸರು ಆ ಕಾಲದ ಯುದ್ಧದ ಕಥೆಗಳಲ್ಲೆಲ್ಲ ಬರುತ್ತದೆ. ಆ ಫ್ರೆಂಚರು ಬೀಡುಬಿಟ್ಟಿದ್ದ ಬಂಡೆಗಳ ಜಾಗ ಅಂತ ಇಂಗ್ಲಿಷರು ಅದನ್ನು ಫ್ರೆಂಚ್ ರಾಕ್ಸ್ ಅಂದರು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಉತ್ತರಕ್ಕೆ ಬಂದು ಇಳಿದಾಗ ಅವನ ನಕ್ಷೆಯವರಿಗೆ ಈ ಬಂಡೆಗಳೇ ಗುರುತು. ಟಿಪ್ಪು ಹೋದ ಮೇಲೆ ಇಂಗ್ಲಿಷರೂ ಅಲ್ಲೊಂದು ದಂಡು ಇಟ್ಟುಕೊಂಡರು. ಫ್ರೆಂಚರು ಯಾವತ್ತೋ ಹೋಗಿಯಾಗಿತ್ತು. ಅವರನ್ನು ಸೋಲಿಸಿದವರೇ ಅವರ ಹೆಸರನ್ನು ನೂರು ವರ್ಷ ಕಾಪಾಡಿದರು. ಹಿರೋಡೆ ಅಂತ ಊರಿನವರು ಅನ್ನುತ್ತಾ ಹೋದರು, ಕಾಗದದಲ್ಲಿ ಫ್ರೆಂಚ್ ರಾಕ್ಸ್ ಅಂತ ಬರೆಯುತ್ತಾ ಹೋದರು.

ಇಷ್ಟೆಲ್ಲ ಆದಮೇಲೆ ರೈಲು ಬಂತು. ಬಂದದ್ದು ಹೊಟ್ಟೆಗಿಲ್ಲದ ಕಾಲದಲ್ಲಿ.

ನಮ್ಮ ಕಡೆ ಮುದುಕರು 'ಧಾತು ಈಶ್ವರದ ಬರ' ಅನ್ನುತ್ತಿದ್ದರಲ್ಲ, ಅದು 1876ರಿಂದ 78ರವರೆಗಿನ ಬರ. ಸಂವತ್ಸರಗಳ ಹೆಸರೇ ಬರದ ಹೆಸರಾಯಿತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷ ಜನರಿದ್ದರು. 1881ರಲ್ಲಿ ಎಣಿಸಿದಾಗ 42 ಲಕ್ಷವೂ ಇರಲಿಲ್ಲ. ಹತ್ತು ವರ್ಷದಲ್ಲಿ ಹುಟ್ಟಿದವರನ್ನೂ ಸೇರಿಸಿದ ಲೆಕ್ಕ ಇದು. ಆ ಬರದಲ್ಲಿ ಬದುಕಿದ್ದವರಿಗೆ ಕೂಲಿ ಕೊಡಲು ಸರ್ಕಾರ ಕೈಗೆತ್ತಿಕೊಂಡ ಕೆಲಸಗಳಲ್ಲಿ ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸವೂ ಒಂದು. ಈಗಲೂ ರೈಲಿನಲ್ಲಿ ಕೂತು ಮಂಡ್ಯ ದಾಟಿದ ಮೇಲೆ ಕಿಟಕಿಯಾಚೆ ನೋಡಿದರೆ ಗದ್ದೆಗಿಂತ ಆಳೆತ್ತರ ಮೇಲೆ ಹೋಗುತ್ತಿರುತ್ತೇವೆ. ಆ ಏರಿಯ ಅಡಿಪಾಯದಲ್ಲಿ ಬುಟ್ಟಿ ಬುಟ್ಟಿಯಾಗಿ ಮಣ್ಣು ಹೊತ್ತವರು ಯಾರು, ಸಂಜೆ ಏನು ತಿಂದರು ಅನ್ನುವುದಕ್ಕೆ ಬೋರ್ಡಿಲ್ಲ.

ಲೈನು ತುಂಡು ತುಂಡಾಗಿ ಮುಂದುವರಿಯಿತು. 1881ರಲ್ಲಿ ಚನ್ನಪಟ್ಟಣ, ಮದ್ದೂರು, ಮಂಡ್ಯ. 1882ರಲ್ಲಿ ಮೈಸೂರು. ಎಲ್ಲಾ ಮೀಟರ್ ಗೇಜು, ಅಂದರೆ ಎರಡು ಕಂಬಿಗಳ ನಡುವೆ ಒಂದು ಮೀಟರು. 1881ರಲ್ಲೇ ಇಂಗ್ಲಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸು ಕೊಟ್ಟರು. ಹಾಗಾಗಿ ರೈಲು ಮೈಸೂರು ಮುಟ್ಟುವ ಹೊತ್ತಿಗೆ ಅಲ್ಲೊಬ್ಬ ಆಳುವ ಮಹಾರಾಜ ಇದ್ದ.

ಈಗ ನಕ್ಷೆ ತೆಗೆದು ಮಂಡ್ಯದಿಂದ ಶ್ರೀರಂಗಪಟ್ಟಣಕ್ಕೆ ಒಂದು ಗೆರೆ ಎಳೆಯಿರಿ. ಹಿರೋಡೆ ಆ ಗೆರೆಯ ಬಲಗಡೆಗೆ ಉಳಿದುಬಿಡುತ್ತದೆ. ಊರಿನೊಳಗೆ ರೈಲು ಬರಬೇಕಾದರೆ ಗೆರೆ ಬಳಸಿಕೊಂಡು ಹೋಗಿ ಮತ್ತೆ ವಾಪಸು ಇಳಿಯಬೇಕು. ಇಷ್ಟು ಸಣ್ಣ ಊರಿಗಾಗಿ ಯಾರು ಹಾಗೆ ಮಾಡುತ್ತಾರೆ? ಗದ್ದೆ ಬಯಲಲ್ಲಿ ಒಂದು ಸ್ಟೇಷನ್ ಕಟ್ಟಿ, ಅದಕ್ಕೆ ಆಚೆಗಿರುವ ಊರಿನ ಹೆಸರಿಟ್ಟರು. ಅದೂ ಊರಿನವರು ಕರೆಯುವ ಹೆಸರಲ್ಲ, ದಂಡಿನವರು ಕರೆಯುವ ಹೆಸರು.

ಸ್ಟೇಷನ್ನಿಗೂ ಊರಿಗೂ ಮೂರು ಮೈಲಿ ಅಂತ ಅಜ್ಜ ಹೇಳುತ್ತಿದ್ದರು. ಈಗಿನ ಲೆಕ್ಕದಲ್ಲಿ ನಾಲ್ಕೈದು ಕಿಲೋಮೀಟರು. ನನಗೆ ಈ ಸ್ಟೇಷನ್ನಿನ ಕಥೆಯಲ್ಲಿ ಹೆಸರಿಗಿಂತ ಜಾಸ್ತಿ ಕುತೂಹಲ ಈ ಮೂರು ಮೈಲಿಯದ್ದು. ಊರೊಳಗೇ ಇದ್ದಿದ್ದರೆ ಅದು ಬರೀ ಸ್ಟೇಷನ್ ಆಗಿರುತ್ತಿತ್ತು. ದೂರ ಇದ್ದದ್ದಕ್ಕೆ ಅದಕ್ಕೊಂದು ಬೇರೆಯೇ ಬದುಕು ಬಂತು. ಜಟಕಾದವರು, ಕುದುರೆಗೆ ಹುಲ್ಲು ಮಾರುವವರು, ರಾತ್ರಿ ರೈಲಿಗೆ ಬಂದು ಬೆಳಗಿನವರೆಗೆ ಮಲಗುವವರಿಗೆ ಕಾಫಿ ಕಾಯಿಸುವವರು, ಲಾಂದ್ರ ಬಾಡಿಗೆಗೆ ಕೊಡುವವರು. ಈಗಲೂ ಆ ಕಡೆ ಹೋಗಿ ಕೇಳಿ. 'ಪಾಂಡವಪುರಕ್ಕಾ, ಸ್ಟೇಷನ್‌ಗಾ?' ಅಂತಲೇ ಬಸ್ ಕಂಡಕ್ಟರ್ ಕೇಳುವುದು. ಎರಡೂ ಬೇರೆ ಬೇರೆ ಊರು ಅನ್ನುವ ಹಾಗೆ. ಸ್ಟೇಷನ್ ಅನ್ನುವುದೇ ಅಲ್ಲೊಂದು ಊರು.

ಅಜ್ಜ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಮದ್ದೂರು ಕಡೆಯವರು, ಹಿರೋಡೆಗೆ ವರ್ಗವಾಗಿ ಬಂದವರು. ಟ್ರಂಕಿನ ಮೇಲಿನ 'ಎಂ.ಎಸ್.ಆರ್.' ಅಂದರೆ ಮೈಸೂರು ಸ್ಟೇಟ್ ರೈಲ್ವೆ. ಇದಕ್ಕೂ ಒಂದು ಸುತ್ತು ಕಥೆ ಇದೆ. ಸಂಸ್ಥಾನ ತನ್ನ ದುಡ್ಡಿನಲ್ಲಿ ಹಾಕಿದ ಈ ಲೈನನ್ನು, ಹರಿಹರದವರೆಗೆ ಮುಂದುವರಿಸಲು ಸಾಲ ಬೇಕಾದಾಗ, 1880ರ ದಶಕದಲ್ಲೇ ಸದರನ್ ಮರಾಠಾ ಕಂಪನಿಯ ಕೈಗೆ ಒಪ್ಪಿಸಿತ್ತು. ಮನೆ ಕಟ್ಟಿ ಬೇರೆಯವರಿಗೆ ಭೋಗ್ಯಕ್ಕೆ ಕೊಟ್ಟ ಹಾಗೆ. 1919ರಲ್ಲಿ ವಾಪಸು ತೆಗೆದುಕೊಂಡು ತಾನೇ ನಡೆಸಲು ಶುರುಮಾಡಿತು. 1951ರಲ್ಲಿ ಅದೂ ಹೋಗಿ ಸದರನ್ ರೈಲ್ವೆಯಲ್ಲಿ ಸೇರಿತು. ಹಾಗಾಗಿ ಟ್ರಂಕಿನ ಅಕ್ಷರ 1951ಕ್ಕಿಂತ ಮುಂಚಿನದ್ದೇ ಇರಬೇಕು. ಅಮ್ಮನ ಪ್ರಕಾರ ಅಜ್ಜ ಹಿರೋಡೆಗೆ ಹೋದದ್ದು 'ಗಾಂಧಿ ಸತ್ತ ವರ್ಷಕ್ಕೆ ಮುಂಚೆ'. ಅಲ್ಲಿಗಲ್ಲಿಗೆ ಸರಿಹೋಗುತ್ತದೆ.

ಟ್ರಂಕಿನ ಮೂಲೆ ಜಜ್ಜಿದ್ದು ಆ ಮೂರು ಮೈಲಿಯಲ್ಲೇ.

ಅಜ್ಜಿಗೆ ಹೆರಿಗೆ ದಿನ. ಅಜ್ಜ ಮದ್ದೂರಿಗೆ ಹೊರಡಬೇಕು. ಆವತ್ತು ಊರಲ್ಲಿ ಜಟಕಾ ಸಿಗಲಿಲ್ಲ, ಇದ್ದ ಎರಡೂ ಯಾರದ್ದೋ ಮದುವೆ ದಿಬ್ಬಣಕ್ಕೆ ಹೋಗಿದ್ದವಂತೆ. ಅಜ್ಜ ಟ್ರಂಕನ್ನು ತಲೆ ಮೇಲಿಟ್ಟುಕೊಂಡು ನಡೆದರು. ಮುಕ್ಕಾಲು ಗಂಟೆಯಲ್ಲಿ ಹೋಗಿದ್ದೆ ಅಂತ ಸಾಯುವವರೆಗೂ ಹೇಳುತ್ತಿದ್ದರು. ಸ್ಟೇಷನ್ ಕಣ್ಣಿಗೆ ಬೀಳುವ ಹೊತ್ತಿಗೆ ಕೈಮರ ಇಳಿದಿತ್ತು. ನಮ್ಮ ಕಡೆ ಸಿಗ್ನಲ್ ಕಂಬಕ್ಕೆ ಕೈಮರ ಅಂತಲೇ ಅನ್ನುತ್ತಿದ್ದದ್ದು. ಎಷ್ಟು ಸರಿಯಾದ ಹೆಸರು ನೋಡಿ, ಮರಕ್ಕೊಂದು ಕೈ. ಕೈ ನೆಟ್ಟಗೆ ಚಾಚಿದ್ದರೆ ರೈಲು ನಿಲ್ಲಬೇಕು, ಇಳಿದಿದ್ದರೆ ಬರಬಹುದು. ಕೈ ಇಳಿದದ್ದು ನೋಡಿ ಅಜ್ಜ ಓಡಿದರು. ಓಡುವಾಗ ತಲೆ ಮೇಲಿನ ಟ್ರಂಕು ಕಲ್ಲಿನ ಮೇಲೆ ಬಿತ್ತು. ಪಂಚೆ, ಪಾಠದ ಪುಸ್ತಕ, ಅಜ್ಜಿಗೆ ಅಂತ ತೆಗೆದುಕೊಂಡಿದ್ದ ಅಂಟಿನುಂಡೆ ಎಲ್ಲ ರಸ್ತೆಗೆ. ಅದನ್ನೆಲ್ಲ ಬಾಚಿಕೊಳ್ಳುವಷ್ಟರಲ್ಲಿ ರೈಲು ಹೊರಟುಹೋಯಿತು.

ಅಜ್ಜಿ ಈ ಕಥೆಗೆ ಒಂದೇ ಮಾತು ಸೇರಿಸುತ್ತಿದ್ದಳು. "ರೈಲು ಯಾರ್ಗೂ ಕಾಯಾಕಿಲ್ಲ ಕಣ್ಮಗ. ನಿಮ್ಮವ್ವನೂ ಕಾಯ್ನಿಲ್ಲ." ಅಜ್ಜ ಮದ್ದೂರು ಮುಟ್ಟುವಷ್ಟರಲ್ಲಿ ಅಮ್ಮ ಹುಟ್ಟಿಯಾಗಿತ್ತು.

ನಾನು ಈ ಸ್ಟೇಷನ್ ನೋಡುವ ಹೊತ್ತಿಗೆ, ಅಂದರೆ 1980ರ ದಶಕದಲ್ಲಿ, ಬೋರ್ಡಿನ ಮೇಲೆ ಪಾಂಡವಪುರ ಅಂತ ಬರೆದಿತ್ತು. ಸೋದರಮಾವ ಆಗ ಆ ಕಡೆ ಕಬ್ಬು ಬೆಳೆಯುತ್ತಿದ್ದರು. ಬೇಸಿಗೆ ರಜಕ್ಕೆ ಹೋದರೆ ಮೈಸೂರಿಗೆ ಸಿನಿಮಾ ತೋರಿಸಲು ಕರೆದುಕೊಂಡು ಹೋಗುತ್ತಿದ್ದದ್ದು ಇಲ್ಲಿಂದಲೇ.

ಟಿಕೆಟ್ ಅಂದರೆ ದಪ್ಪ ರಟ್ಟಿನ ತುಂಡು, ಹೆಬ್ಬೆರಳಿನಷ್ಟು ಉದ್ದ. ಕಿಟಕಿಯಾಚೆ ಕೂತವರು ಅದನ್ನು ಗೂಡಿನಿಂದ ಎಳೆದು ಒಂದು ಕಬ್ಬಿಣದ ಯಂತ್ರದ ಬಾಯಿಗೆ ತಳ್ಳುತ್ತಿದ್ದರು. ಟಕ್. ತಾರೀಖು ಬೀಳುತ್ತಿತ್ತು. ಶಾಯಿಗಿಂತ ಜಾಸ್ತಿ ಗುದ್ದಿಗೇ ಅಕ್ಷರ ಮೂಡುತ್ತಿತ್ತು, ಬೆರಳಾಡಿಸಿದರೆ ತಿಳಿಯುತ್ತಿತ್ತು. ಮಾವ ನನ್ನ ಟಿಕೆಟ್ ನನ್ನ ಕೈಗೇ ಕೊಡುತ್ತಿದ್ದರು. ಮೈಸೂರಿನ ಗೇಟಿನಲ್ಲಿ ಅದನ್ನು ವಾಪಸು ಕೊಡಬೇಕಲ್ಲ ಅಂತ ನನಗೆ ದಾರಿಯುದ್ದಕ್ಕೂ ಹೊಟ್ಟೆಯುರಿ.

ಆದರೆ ಟಿಕೆಟ್ಟಿಗಿಂತ ನನಗೆ ಹುಚ್ಚಿದ್ದದ್ದು ಬಳೆಯದ್ದು. ಎಕ್ಸ್‌ಪ್ರೆಸ್ ಗಾಡಿ ನಿಲ್ಲದೆ ಹೋಗುವಾಗ ಪ್ಲಾಟ್‌ಫಾರ್ಮ್ ಅಂಚಿಗೆ ಪಾಯಿಂಟ್ಸ್‌ಮನ್ ಒಬ್ಬರು ದೊಡ್ಡ ಬಳೆ ಎತ್ತಿ ಹಿಡಿದು ನಿಲ್ಲುತ್ತಿದ್ದರು. ಬಳೆ ಅಂದರೆ ಮಕ್ಕಳು ಉರುಳಿಸುವ ಚಕ್ರದಷ್ಟಿರುತ್ತಿತ್ತು. ಅದರ ಬುಡದಲ್ಲೊಂದು ಚರ್ಮದ ಚೀಲ, ಚೀಲದೊಳಗೆ ಕಬ್ಬಿಣದ ಗುಂಡು. ಇಂಜಿನ್ನಿನಿಂದ ಒಬ್ಬರು ಮೊದಲು ಹಿಂದಿನ ಸ್ಟೇಷನ್ನಿನ ಬಳೆಯನ್ನು ಕೆಳಗೆ ಎಸೆಯುತ್ತಿದ್ದರು. ಆಮೇಲೆ ತೋಳು ಚಾಚಿ ಈ ಬಳೆಯೊಳಕ್ಕೆ ತೂರಿಸಿಬಿಡುತ್ತಿದ್ದರು. ಬಳೆ ತೋಳಿಗೆ ಬಿದ್ದು ಭುಜದವರೆಗೆ ಸರಿದು ಗಿರ್ರನೆ ತಿರುಗುತ್ತಿತ್ತು. ಒಂದು ಕ್ಷಣದ ಕೆಲಸ. ತಪ್ಪಿದರೆ ಗಾಡಿ ನಿಲ್ಲಿಸಬೇಕು.

ಅದು ಆಟ ಅಂದುಕೊಂಡಿದ್ದೆ. ಮಾವನೇ ಆಮೇಲೆ ಹೇಳಿದ್ದು. ಆಗ ಇದ್ದದ್ದು ಒಂದೇ ಲೈನು, ಹೋಗುವುದೂ ಅದರ ಮೇಲೆ, ಬರುವುದೂ ಅದರ ಮೇಲೆ. ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕು. ಅದಕ್ಕೆ ಈ ಗುಂಡು, ಟೋಕನ್. ಗುಂಡು ಕೈಗೆ ಬಂದರೆ ಮಾತ್ರ ಮುಂದಕ್ಕೆ ಹೋಗಲು ಅಪ್ಪಣೆ. ಸ್ಟೇಷನ್ ಮಾಸ್ಟರ್ ಕೋಣೆಯಲ್ಲಿ ಒಂದು ಪೆಟ್ಟಿಗೆ ಯಂತ್ರ, ಮುಂದಿನ ಸ್ಟೇಷನ್ನಿನಲ್ಲಿ ಅದರ ಜೋಡಿ. ಆ ಕಡೆಯವರು ಒಪ್ಪದೆ ಈ ಕಡೆ ಗುಂಡು ಈಚೆ ಬರುವುದೇ ಇಲ್ಲ. ಒಂದು ಗುಂಡು ಹೊರಗಿದ್ದರೆ ಅದು ಮರಳಿ ಯಂತ್ರ ಸೇರುವವರೆಗೆ ಎರಡನೆಯದು ಬರುವುದಿಲ್ಲ. ಪಾಂಡವಪುರದ ಮಾಸ್ಟರು ಶ್ರೀರಂಗಪಟ್ಟಣದ ಮಾಸ್ಟರನ್ನು ಕೇಳಬೇಕು, ಅವರು ಹೂಂ ಅನ್ನಬೇಕು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇಷ್ಟು ಭದ್ರವಾದ ಉಪಾಯ ಮಾಡಿದವರ ತಲೆಗೆ ಕೈ ಮುಗಿಯಬೇಕು ಅನಿಸುತ್ತದೆ.

ತಿನ್ನುವುದರಲ್ಲಿ ಮಾತ್ರ ನಮ್ಮ ಸ್ಟೇಷನ್ ಬಡವ. ಇದೇ ಲೈನಿನ ಮದ್ದೂರಿಗೆ ವಡೆ ಸಿಕ್ಕಿತು. ಪ್ಲಾಟ್‌ಫಾರ್ಮ್ ಮೇಲೆ ಹುಟ್ಟಿದ ತಿಂಡಿಯೊಂದು ಊರಿನ ಹೆಸರನ್ನು ದೇಶದ ತುಂಬ ಸುತ್ತಿಸಿತು. ಚನ್ನಪಟ್ಟಣಕ್ಕೆ ಬೊಂಬೆ. ನಮಗೆ ಬುಟ್ಟಿಯಲ್ಲಿ ಸೀಬೆಹಣ್ಣು, ಉಪ್ಪುಕಾರ ಸವರಿದ ಸೌತೆಕಾಯಿ. ಅದೇನು ಕಡಿಮೆ ಅಂತಲ್ಲ, ಆದರೆ ಸೌತೆಕಾಯಿಯಿಂದ ಯಾವ ಊರಿಗೂ ಹೆಸರು ಬಂದದ್ದು ನಾನು ಕಂಡಿಲ್ಲ.

ಹಾಗಾದರೆ ಈ ಬಯಲ ಸ್ಟೇಷನ್ನಿಗೆ ಬರುತ್ತಿದ್ದವರು ಯಾರು? ಅಜ್ಜಿಯ ಮಾತಲ್ಲಿ ಹೇಳುವುದಾದರೆ 'ದೇವ್ರಿಗೆ ಹೋಗೋರು, ಬೆಲ್ಲ ಕಳ್ಸೋರು'.

ದೇವರು ಅಂದರೆ ಮೇಲುಕೋಟೆ ಚೆಲುವನಾರಾಯಣ. ಮೇಲುಕೋಟೆಗೆ ರೈಲಿಲ್ಲ. ರೈಲಿನಲ್ಲಿ ಬಂದವರು ಇಲ್ಲಿಳಿದು ಗಾಡಿ ಹಿಡಿಯಬೇಕಿತ್ತು. ವೈರಮುಡಿ ಉತ್ಸವದ ದಿನಗಳಲ್ಲಿ ಸ್ಟೇಷನ್ನಿನ ಸುತ್ತ ಎತ್ತಿನ ಗಾಡಿಗಳ ಸಾಲೇ ಸಾಲು. ನಾಮ ಹಾಕಿದ ಅಯ್ಯಂಗಾರ್ ಸಂಸಾರಗಳು ಬೆಂಗಳೂರಿನಿಂದ, ಮದ್ರಾಸ್ ಕಡೆಯಿಂದ ತಾಮ್ರದ ಬಿಂದಿಗೆ, ಹಾಸಿಗೆ ಸುರುಳಿ ಸಮೇತ ಇಳಿಯುತ್ತಿದ್ದವಂತೆ. ಹೋಗುವ ದಾರಿಯಲ್ಲಿ ತೊಣ್ಣೂರು ಕೆರೆ. ರಾಮಾನುಜರು ಇದ್ದ ಊರು ಅಂತ ಅಲ್ಲೊಂದು ನಿಲುಗಡೆ, ಸ್ನಾನ, ಬುತ್ತಿ. ಗಾಡಿಯವರಿಗೆ ಆ ಒಂದು ವಾರದ ಸಂಪಾದನೆ ಮಳೆಗಾಲ ದಾಟಿಸುತ್ತಿತ್ತು ಅಂತ ಅಜ್ಜಿ ಹೇಳುತ್ತಿದ್ದಳು. ಈಗ ವೈರಮುಡಿ ಕಿರೀಟ ಮಂಡ್ಯದ ಖಜಾನೆಯಿಂದ ವ್ಯಾನಿನಲ್ಲಿ, ಪೊಲೀಸ್ ಕಾವಲಿನಲ್ಲಿ, ದಾರಿಯುದ್ದಕ್ಕೂ ಪೂಜೆ ಮಾಡಿಸಿಕೊಂಡು ರಸ್ತೆಯಲ್ಲೇ ಹೋಗುತ್ತದೆ. ಭಕ್ತರೂ ರಸ್ತೆಯಲ್ಲೇ ಹೋಗುತ್ತಾರೆ.

ಬೆಲ್ಲದ ಕಥೆ ನೀರಿನ ಕಥೆ. ಕನ್ನಂಬಾಡಿ ಕಟ್ಟೆ 1911ರಲ್ಲಿ ಶುರುವಾಯಿತು. ಅದರ ನಾಲೆಯ ನೀರು 1930ರ ದಶಕದಲ್ಲಿ ಈ ಕಡೆಯ ಹೊಲಗಳಿಗೆ ಹರಿಯಿತು. ಹುಲಿಕೆರೆ ಹತ್ತಿರ ಗುಡ್ಡವನ್ನೇ ಕೊರೆದು ಸುರಂಗದಲ್ಲಿ ನಾಲೆ ಹಾಯಿಸಿದರು. ಆವರೆಗೆ ರಾಗಿ, ಹುರುಳಿ ಬೆಳೆಯುತ್ತಿದ್ದ ನೆಲಕ್ಕೆ ಕಬ್ಬು, ಭತ್ತ ಬಂತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ. 1939ರಲ್ಲಿ ಮಂಡ್ಯವೇ ಜಿಲ್ಲೆಯಾಯಿತು. ಆಮೇಲೆ 1950ರ ದಶಕದಲ್ಲಿ ಪಾಂಡವಪುರಕ್ಕೂ ಒಂದು ಸಹಕಾರಿ ಸಕ್ಕರೆ ಕಾರ್ಖಾನೆ, ಅದೂ ಸ್ಟೇಷನ್ ಕಡೆಗೇ. ಊರಿನವರು ತಾತ್ಸಾರ ಮಾಡಿದ್ದ ಬಯಲಿಗೆ ಚಿಮಣಿ ಬಂತು. ಕಬ್ಬು ಅರೆಯುವ ಕಾಲದಲ್ಲಿ ರೈಲಿಳಿದರೆ ಮೊದಲು ಮೂಗಿಗೆ ಹೊಡೆಯುತ್ತಿದ್ದದ್ದು ಆ ವಾಸನೆ. ಅರ್ಧ ಸಿಹಿ, ಅರ್ಧ ಹುಳಿ. ಒಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಈಗಲೂ ಅದು ರಜದ ವಾಸನೆ.

ಅಂದಹಾಗೆ, ಈ ನಾಲೆಗೂ ಮೊದಲು ಇದ್ದದ್ದು ವೈಸ್‌ರಾಯ್ ಇರ್ವಿನ್ ಹೆಸರು. ಮುದುಕರು 'ಇರ್ವಿನ್ ಚಾನಲ್' ಅನ್ನುತ್ತಿದ್ದರು. ಈಗ ವಿಶ್ವೇಶ್ವರಯ್ಯ ನಾಲೆ, ಎಲ್ಲರ ಬಾಯಲ್ಲಿ ವಿ.ಸಿ. ನಾಲೆ. ಇದೇ ರೈಲು ದಾರಿಯ ರಾಮನಗರ ಒಂದು ಕಾಲಕ್ಕೆ ಕ್ಲೋಸ್‌ಪೇಟೆ, ಕ್ಲೋಸ್ ಅನ್ನುವ ಇಂಗ್ಲಿಷ್ ಅಧಿಕಾರಿಯ ಹೆಸರಿನದ್ದು. ಫ್ರೆಂಚ್ ರಾಕ್ಸ್ ಪಾಂಡವಪುರವಾದದ್ದೂ ಇದೇ ಸಾಲಿಗೆ ಸೇರಿದ್ದು. ನನಗೆ ಇದರ ಬಗ್ಗೆ ಬೇಜಾರಿಲ್ಲ. ಕಾದಾಡಲು ಬಂದವರ ಹೆಸರಿಗಿಂತ ಅಡಗಿಕೊಳ್ಳಲು ಬಂದ ಪಾಂಡವರ ಹೆಸರು ವಾಸಿ. ಆದರೆ ಹಿರೋಡೆ? ಇಷ್ಟೆಲ್ಲ ಬದಲಾವಣೆಯಲ್ಲಿ ಯಾರಿಗೂ ಆ ಹೆಸರು ವಾಪಸು ತರೋಣ ಅನಿಸಲಿಲ್ಲ. ಫ್ರೆಂಚರನ್ನು ಕಳಿಸಿ ಪಾಂಡವರನ್ನು ಕರೆದರು, ಮನೆಯವರು ಹೊರಗೇ ನಿಂತರು.

ಮೀಟರ್ ಗೇಜು ಹೋಗಿದ್ದು 1990ರ ದಶಕದ ಶುರುವಿನಲ್ಲಿ. ಒಂದು ಮೀಟರಿನ ಜಾಗಕ್ಕೆ 1,676 ಮಿಲಿಮೀಟರಿನ ಬ್ರಾಡ್ ಗೇಜು ಬಂತು. ಕೆಲಸ ನಡೆಯುವಾಗ ರೈಲು ನಿಂತಿತ್ತು. ಜನ ಬಸ್ ಹತ್ತಿದರು. ನನ್ನ ಅನಿಸಿಕೆ ಕೇಳಿದರೆ ಸ್ಟೇಷನ್ನಿನ ಕಥೆ ತಿರುಗಿದ್ದು ಅಲ್ಲೇ. ರೈಲು ದೊಡ್ಡದಾಗಿ, ಜೋರಾಗಿ ವಾಪಸು ಬಂತು. ಬಸ್ ಹತ್ತಿದವರು ಅಷ್ಟು ಸುಲಭಕ್ಕೆ ಇಳಿಯಲಿಲ್ಲ. ಬಸ್ಸಿಗೆ ಮೂರು ಮೈಲಿ ಇಲ್ಲ. ಅದು ಮನೆ ಮುಂದಿನ ಅರಳಿಕಟ್ಟೆಗೇ ಬರುತ್ತದೆ, ಕೈ ಅಡ್ಡ ಹಾಕಿದರೆ ನಿಲ್ಲುತ್ತದೆ. ಯಾವ ದೂರದಿಂದ ಜಟಕಾದವನ ಒಲೆ ಉರಿಯುತ್ತಿತ್ತೋ ಅದೇ ದೂರ ಸ್ಟೇಷನ್ನಿಗೆ ಮುಳುವಾಯಿತು.

ಹಾಗಂತ ಸ್ಟೇಷನ್ ಸತ್ತಿದೆ ಅನ್ನಲಾರೆ. ಜೋಡಿ ಲೈನಾಗಿದೆ, ಮೇಲೆ ಕರೆಂಟು ತಂತಿ ಬಂದಿದೆ. ಜೋಡಿ ಲೈನು ಹಾಕುವಾಗ ಪಕ್ಕದ ಶ್ರೀರಂಗಪಟ್ಟಣದಲ್ಲಿ ಏನಾಯಿತು ನೋಡಿ. ಟಿಪ್ಪುವಿನ ಮದ್ದಿನ ಮನೆ ದಾರಿಗೆ ಅಡ್ಡ ಸಿಕ್ಕಿತು. ಒಡೆಯುವ ಹಾಗಿಲ್ಲ, ಬಿಡುವ ಹಾಗಿಲ್ಲ, ವರ್ಷಗಟ್ಟಲೆ ಕೆಲಸ ನಿಂತಿತು. ಕೊನೆಗೆ 2017ರಲ್ಲಿ ಇಡೀ ಕಟ್ಟಡವನ್ನು ಅಡಿಪಾಯದ ಸಮೇತ ಜಾಕ್ ಕೊಟ್ಟು ಎತ್ತಿ, ನೂರು ಮೀಟರಿಗಿಂತ ದೂರಕ್ಕೆ ಸರಿಸಿ ಕೂರಿಸಿದರು. ಒಂದು ಇಟ್ಟಿಗೆ ಬೀಳಲಿಲ್ಲ ಅಂತ ನೋಡಲು ಹೋದವರೆಲ್ಲ ಹೇಳಿದರು. ನಾನೂ ಒಂದು ಭಾನುವಾರ ಹೋಗಿ ಬಗ್ಗಿ ನೋಡಿ ಬಂದೆ. ಊರನ್ನೂ ಹೀಗೆ ಎತ್ತಿ ಸ್ಟೇಷನ್ ಪಕ್ಕ ಇಡಬಹುದಿತ್ತಲ್ಲ ಅಂತ ಮಗಳು ಕೇಳಿದಳು.

ಅವಳಿಗೆ ಬಳೆ ತೋರಿಸೋಣ ಅಂತ ಮೈಸೂರಿನ ರೈಲ್ ಮ್ಯೂಸಿಯಂಗೂ ಕರೆದುಕೊಂಡು ಹೋಗಿದ್ದೆ. 1979ರಲ್ಲಿ ಶುರುವಾದ ಜಾಗ, ಶಾಲೆಯಿಂದ ನಮ್ಮನ್ನೂ ಅಲ್ಲಿಗೆ ಕರೆದೊಯ್ದಿದ್ದರು. ಅವಳಿಗೆ ಹಿಡಿಸಿದ್ದು ಮಹಾರಾಣಿಯ ಸಲೂನ್ ಗಾಡಿ. ಹಾಸಿಗೆ, ಅಡುಗೆಮನೆ, ಸ್ನಾನದ ಮನೆ ಎಲ್ಲ ಚಕ್ರದ ಮೇಲೆ. ನಾನು ಮೀಟರ್ ಗೇಜಿನ ಕಂಬಿಗಳ ನಡುವೆ ನಿಂತು ಕಾಲು ಅಗಲಿಸಿದೆ. ಎರಡೂ ಕಂಬಿಗೆ ಕಾಲು ತಾಗಿತು. ಇಷ್ಟು ಕಿರಿದಾದ ದಾರಿಯ ಮೇಲೆ ಊರೂರೇ ಓಡಾಡಿತ್ತಾ ಅನಿಸಿತು.

ಟ್ರಂಕು ಸಿಕ್ಕಿದ ಮೇಲೆ ತಲೆಗೊಂದು ಹುಳ ಹೊಕ್ಕಿತು. ಮುಕ್ಕಾಲು ಗಂಟೆಯಲ್ಲಿ ನಡೆಯಬಹುದಾ? ಜನವರಿಯ ಒಂದು ಬೆಳಗ್ಗೆ ಬಸ್ಸಿನಲ್ಲಿ ಪಾಂಡವಪುರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ತಿಂದು, ಸ್ಟೇಷನ್ ಕಡೆಗೆ ಹೊರಟೆ. ಬೆನ್ನಿಗೊಂದು ಸಣ್ಣ ಬ್ಯಾಗು, ಅದರಲ್ಲಿ ನೀರಿನ ಬಾಟಲಿ ಮತ್ತು ಟೋಪಿ. ಮೈಸೂರು ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿಗೆ ಸರಿಯಾಗಿ ಒಂದು ಗಂಟೆ ಹತ್ತು ನಿಮಿಷ ಇತ್ತು.

ದಾರಿ ಪೂರ್ತಿ ಟಾರು. ಕಬ್ಬಿನ ಲಾರಿಗಳು ಬರುತ್ತಿದ್ದವು. ಹಿಂದಿನಿಂದ ಜಲ್ಲೆ ಎಳೆಯಲು ಹುಡುಗರು ಓಡುವುದು ಇನ್ನೂ ನಿಂತಿಲ್ಲ. ಇಬ್ಬರು ಬೈಕಿನವರು ನಿಲ್ಲಿಸಿ ಹತ್ತಿ ಅಂದರು. ಬೇಡ, ನಡೀಬೇಕು ಅಂದೆ. ಡಾಕ್ಟ್ರು ಹೇಳವ್ರಾ ಅಂತ ಒಬ್ಬರು ಕನಿಕರದಿಂದ ಕೇಳಿದರು. ನಾಲೆ ಸಿಕ್ಕಿತು. ನೀರು ಬಿಟ್ಟಿದ್ದರು, ಹೆಂಗಸರು ಬಟ್ಟೆ ಕುಕ್ಕುತ್ತಿದ್ದರು. ಅಲ್ಲಿ ಸ್ವಲ್ಪ ಹೊತ್ತು ನಿಂತೆ. ನಿಲ್ಲಬಾರದಿತ್ತು.

ಒಂದು ಆಲೆಮನೆ ಮುಂದೆ ಮುದುಕರೊಬ್ಬರು ಕಬ್ಬಿನ ಸಿಪ್ಪೆ ಹರಡುತ್ತಿದ್ದರು. ಸ್ಟೇಷನ್ ಎಷ್ಟು ದೂರ ಅಂತ ಕೇಳಿದೆ.

"ಇಲ್ಲೇ ಕನಪ್ಪ, ಬಂದ್ಬುಡ್ತು."

"ಇದಕ್ಕೆ ಮುಂಚೆ ಬೇರೆ ಹೆಸರಿತ್ತಲ್ವಾ ತಾತ?"

ಅವರು ಕೈ ಕೆಲಸ ನಿಲ್ಲಿಸಲಿಲ್ಲ. "ಯಾವ್ದುಕ್ಕೆ? ಟೇಸನ್‌ಗಾ? ಟೇಸನ್‌ಗೆ ಟೇಸನ್ ಅಂತ್ಲೇಯಾ ಹೆಸ್ರು." ಆಮೇಲೆ ಒಂದು ಹಿಡಿ ಬಿಸಿ ಬೆಲ್ಲ ಎಲೆಯಲ್ಲಿ ಹಾಕಿ ಕೊಟ್ಟರು. ಅದನ್ನು ಊದಿ ಊದಿ ತಿನ್ನಲು ಇನ್ನೂ ಹತ್ತು ನಿಮಿಷ.

ಸ್ಟೇಷನ್ ಕಣ್ಣಿಗೆ ಬಿದ್ದಾಗ ಹಾರ್ನ್ ಕೇಳಿಸಿತು. ಈಗ ಕೈಮರ ಇಲ್ಲ, ದೀಪ. ದೀಪ ಹಸಿರಿತ್ತು. ಓಡಿದೆ. ಐವತ್ತು ದಾಟಿದವನ ಓಟ ಎಂಥದ್ದು ಅಂತ ಹೇಳಬೇಕಾಗಿಲ್ಲ. ಟಿಕೆಟ್ ಕಿಟಕಿಯ ಹತ್ತಿರ ತಲುಪಿದಾಗ ಕೊನೆಯ ಡಬ್ಬಿಯ ಹಿಂದಿನ ಅಡ್ಡ ಗುರುತು ಕಾಣಿಸುತ್ತಿತ್ತು. ಸರಿಯಾದ ಹೊತ್ತಿಗೆ ಬಂದು ಸರಿಯಾದ ಹೊತ್ತಿಗೆ ಹೋಗಿತ್ತು, ಅದರದ್ದೇನೂ ತಪ್ಪಿಲ್ಲ. ಫೋನ್ ನೋಡಿದೆ. ಒಂದು ಗಂಟೆ ಹನ್ನೆರಡು ನಿಮಿಷ. ತಲೆ ಮೇಲೆ ಟ್ರಂಕೂ ಇರಲಿಲ್ಲ.

ಹಳದಿ ಬೋರ್ಡಿನ ಕೆಳಗೆ ಒಂದಷ್ಟು ಹೊತ್ತು ಕೂತೆ. ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಪಾಂಡವಪುರ. ಪಕ್ಕದ ಬೆಂಚಿನಲ್ಲಿ ಕಾಲೇಜು ಹುಡುಗಿಯರಿಬ್ಬರು ಹೆಡ್‌ಫೋನಿನ ಒಂದೊಂದು ಕಿವಿ ಹಂಚಿಕೊಂಡು ಕೂತಿದ್ದರು. ಅಮ್ಮನಿಗೆ ಫೋನ್ ಮಾಡಿ ರೈಲು ತಪ್ಪಿತು ಅಂದೆ.

"ನಿಮ್ಮಜ್ಜನ ಮೊಮ್ಮಗ ಅಲ್ವಾ" ಅಂದಳು. "ಬರ್ತಾ ಒಂದೆರಡು ಕೇಜಿ ಬೆಲ್ಲ ತಗೊಂಡ್ ಬಾ."

ಹೊರಗೆ ರಸ್ತೆಗೆ ಬಂದೆ. ಅಂಗಡಿಯವನು ಬೆಲ್ಲ ತೂಗಿ ಪೊಟ್ಟಣ ಕಟ್ಟುವಷ್ಟರಲ್ಲಿ ಮೈಸೂರು ಬಸ್ ಬಂತು. ಕೈ ಅಡ್ಡ ಹಾಕಿದೆ, ನಿಂತಿತು.